ರಕ್ತ ಪಾಸು, ಮಣಿಕಟ್ಟು ಫೇಲು

ಮುಂಜಾನೆ ಫೋನಿನಲ್ಲಿ ಲ್ಯಾಬಿನ ವರದಿ ಬಂದದ್ದೇ ನಾನು ಥಟ್ಟನೆ ಕುರ್ಚಿ ಬಿಟ್ಟು ಎದ್ದೆ. ರುಮಟಾಯ್ಡ್ ಸಂಧಿವಾತದ ರೋಗಿ ಹಾಗೆ ಏಳುವುದು ಸಾಮಾನ್ಯ ಸಂಗತಿಯಲ್ಲ. ಇಎಸ್‌ಆರ್, ಸಿಆರ್‌ಪಿ ಎಂದು ಇಬ್ಬರು ಸಾಕ್ಷಿದಾರರು. ಮೈಯೊಳಗೆ ಉರಿಯೂತ ಎಷ್ಟಿದೆಯೆಂದು ರಕ್ತದಲ್ಲಿ ನಿಂತು ಹೇಳುವವರು. ಎರಡು ವರ್ಷಗಳಲ್ಲಿ ಮೊದಲ ಸಲ ಇಬ್ಬರೂ ಮಿತಿಯೊಳಗಿದ್ದರು.

"ಪಾಸ್!" ಎಂದು ಕೂಗಿದೆ. ರಕ್ಷಣಾ ಕಾರ್ಖಾನೆಯ ತಪಾಸಣೆ ವಿಭಾಗದಲ್ಲಿ ಗೇಜು ಹಿಡಿದೇ ನಿವೃತ್ತನಾದವನು ನಾನು. ಅಳತೆ ಮಿತಿಯೊಳಗಿದ್ದರೆ ಮಾಲು ಪಾಸು. ನಿನಗೆ ಹೇಗನ್ನಿಸುತ್ತದಪ್ಪ ಎಂದು ಮಾಲನ್ನು ನಾವು ಕೇಳುತ್ತಿರಲಿಲ್ಲ.

ರಕ್ತವೂ ಕೀಲುಗಳೂ ಸುಮ್ಮನಾದರೆ ಸ್ಟೆರಾಯ್ಡ್ ಗುಳಿಗೆ ನಿಲ್ಲಿಸುವುದಾಗಿ ಡಾಕ್ಟರಮ್ಮ ಮಾತು ಕೊಟ್ಟಿದ್ದರು. ಆ ಗುಳಿಗೆ ನನ್ನ ಮುಖವನ್ನು ಕಡುಬಿನಂತೆ ಉಬ್ಬಿಸಿ, ನನ್ನನ್ನು ಸಕ್ಕರೆ ಕಾಯಿಲೆಯ ಬಾಗಿಲಿಗೆ ತಂದು ನಿಲ್ಲಿಸಿತ್ತು.

ಅಮೀರ್‌ಪೇಟ್‌ನ ಕ್ಲಿನಿಕ್ಕಿನಲ್ಲಿ ಡಾಕ್ಟರಮ್ಮ ವರದಿ ನೋಡಿ ನಕ್ಕರು. "ಹೇಗಿದ್ದೀರಿ? ಈ ವಾರದ ತೊಂದರೆಗೆ ನೂರಕ್ಕೆ ಎಷ್ಟು ಕೊಡುತ್ತೀರಿ?" ಎಂದು ಹಿಂದಿಯಲ್ಲಿ ಕೇಳಿದರು.

"ಆರಾಮ್ ಹೈ ಮೇಡಂ. ಐದು."

ಬಾಗಲಕೋಟೆ ಕಡೆಯವರಿಗೆ ಇದು ಸುಳ್ಳಲ್ಲ, ಸಂಸ್ಕಾರ. ನಮ್ಮಲ್ಲಿ ಸಲಾಯಿನ್ ಏರಿಸಿಕೊಂಡು ಮಲಗಿದವರೂ "ಆರಾಮ ಅದೀನ್ರಿ, ನೀವು?" ಎಂದೇ ಮಾತು ಶುರುಮಾಡುತ್ತಾರೆ. ಎರಡು ವರ್ಷ ಪ್ರತಿ ಭೇಟಿಯಲ್ಲೂ ನಾನು ಕೊಟ್ಟದ್ದು ಐದೇ.

ಡಾಕ್ಟರಮ್ಮನ ಪೆನ್ನು ಸ್ಟೆರಾಯ್ಡಿನ ಹೆಸರಿನ ಮೇಲೆ ಬಂದು ನಿಂತಿತು. ಅಷ್ಟರಲ್ಲಿ ಪಕ್ಕದಿಂದ ಹೆಂಡತಿ ಗುಡುಗಿದಳು: "ಝೂಟ್ ಬೋಲ್ತೆ ಮೇಡಂ! ಇವತ್ತು ಇವರ ಅಂಗಿ ಗುಂಡಿ ಮೈ ಲಗಾಯಿ, ನಾ ಹಾಕೀನಿ!" ಆಮೇಲೆ ನನ್ನ ಕಡೆ ತಿರುಗಿ, "ಏನ್ರೀ, ಬೀಗರ ಮನಿಗೆ ಬಂದೀರೇನು? ಖರೇ ಹೇಳಾಕ ಏನಾಗೈತಿ ನಿಮಗ?"

ಪೆನ್ನು ಕೆಳಗಿಟ್ಟ ಡಾಕ್ಟರಮ್ಮ ಕೀಲುಗಳನ್ನು ಒಂದೊಂದಾಗಿ ಒತ್ತುತ್ತ ಬಂದರು. ಬಲ ಮಣಿಕಟ್ಟು ಮುಟ್ಟಿದಾಗ ನನ್ನ ಸಂಸ್ಕಾರ "ಯವ್ವಾ!" ಎಂದಿತು. ಅಲ್ಲಿಗೆ ಅಲ್ಟ್ರಾಸೌಂಡ್ ಹಚ್ಚಿದರು. ಪರದೆಯ ಮೇಲೆ, ಕೀಲಿನ ಸುತ್ತ, ಕೆಂಪು ಮಿಣಮಿಣ.

"ಈ ಕೆಂಪೇ ಉರಿಯೂತ. ಕೆಲವರ ರಕ್ತ ಶಾಂತವಿದ್ದರೂ ಕೀಲು ಉರಿಯುತ್ತಿರುತ್ತದೆ. ಅದಕ್ಕೇ ರಕ್ತ, ಕೀಲು, ನಿಮ್ಮ ಮಾತು, ಎಲ್ಲವನ್ನೂ ಕೂಡಿಸಿ ನೋಡುತ್ತೇವೆ. ನೀವು ಸುಮ್ಮನೆ ಐದು ಅಂದರೆ ನಾನು ಮೋಸ ಹೋಗುತ್ತೇನೆ."

ಬೇಸರಪಡಬೇಕಾಗಿತ್ತು. ನಾನು ಉಬ್ಬಿಹೋದೆ! ಯಾರಿಗೂ ಕಾಣದ ನನ್ನ ನೋವು ಅಲ್ಲಿ ಬಣ್ಣದಲ್ಲಿ ಕುಣಿಯುತ್ತಿತ್ತು.

"ಹಂಗಾದ್ರ ಅರವತ್ತು," ಎಂದೆ.

"ಎಪ್ಪತ್ತ ಅನ್ರಿ," ಎಂದಳು ಹೆಂಡತಿ.

ಅರವತ್ತೈದಕ್ಕೆ ಒಪ್ಪಂದವಾಯಿತು. ಸ್ಟೆರಾಯ್ಡ್ ನಿಲ್ಲಲಿಲ್ಲ, ವಾರಕ್ಕೊಮ್ಮೆ ನುಂಗುವ ಮುಖ್ಯ ಗುಳಿಗೆಯ ಪ್ರಮಾಣ ಏರಿತು. ಅದು ಕೆಲಸ ಮಾಡಿದರೆ ಸ್ಟೆರಾಯ್ಡ್ ನಿಲ್ಲಿಸುವುದನ್ನು ಮೂರು ತಿಂಗಳಿಗೆ ಮತ್ತೆ ನೋಡೋಣ ಎಂದರು ಡಾಕ್ಟರಮ್ಮ.

ವಾಪಸು ಬರುವಾಗ ಮೆಟ್ರೊದಲ್ಲಿ ಕಾಲಿಡಲು ಜಾಗವಿರಲಿಲ್ಲ. ನನ್ನ ಕೈಗೆ ಹಿಡಿಕೆ ನಿಲುಕಿತು, ಹಿಡಿತ ಬರಲಿಲ್ಲ. ಕೋಚಿಂಗ್ ಪುಸ್ತಕ ಹಿಡಿದು ಕೂತಿದ್ದ ಹುಡುಗಿಯೊಬ್ಬಳಿಗೆ ಹೇಳಿಯೇಬಿಟ್ಟೆ: "ಬೇಟಿ, ಕೈ ಬಹಳ ನೋಯುತ್ತಿದೆ, ಸೀಟು ಕೊಡುತ್ತೀಯಾ?"

ಅವಳು ತಕ್ಷಣ ಎದ್ದಳು. ನಾನು ಪಟ್ಟಾಭಿಷೇಕವಾದವನಂತೆ ಕೂತೆ.

"ಸಾಕ್ರೀ, ಅತಿ ಮಾಡಬ್ಯಾಡ್ರಿ," ಎಂದಳು ಹೆಂಡತಿ, ನಿಂತುಕೊಂಡು.