ಓರಗಿತ್ತಿಯ ಐದನೆಯ ರಾಜ

ಪರದೆ ಹೊಲಿಯುವ ಹಿರಿಸೊಸೆಗೆ ಓರಗಿತ್ತಿಯ ಬಂಗಾರದ ಮೇಲೂ ಇಲ್ಲದ ಹೊಟ್ಟೆಕಿಚ್ಚು ಅವಳ ರಾಜನ ಮೇಲಿತ್ತು. ಇಬ್ಬರೂ ಮೊಬೈಲಿನಲ್ಲಿ ರಾಜ್ಯ ಕಟ್ಟುವ ಒಂದೇ ಆಟವನ್ನು ಜೊತೆಯಾಗಿ ಆಡುತ್ತಿದ್ದರು. ಓರಗಿತ್ತಿಯ ಸಿಂಹಾಸನದಲ್ಲಿ ‘ಐದನೆಯ ಧೀರಕೇತು, ನವಿಲು ವಂಶ’ ಮೀಸೆ ತಿರುವುತ್ತಿದ್ದ. ಹಿರಿಯಳ ಗರುಡ ವಂಶದಲ್ಲಿ ಒಬ್ಬನಿಗೂ ನಂಬರ್ ಇಲ್ಲ. ಹುಟ್ಟಿದ ಕೂಸಿಗೆಲ್ಲ ಅವಳು ಹೊಸ ಹೆಸರು ಹುಡುಕಿ ಇಟ್ಟಿದ್ದಳು.

“ಹಳೇ ರಾಜನ ಹೆಸರನ್ನೇ ಇಡಿ ಅಕ್ಕಾ, ಪಟ್ಟಕ್ಕೆ ಬಂದಾಗ ಆಟವೇ ನಂಬರ್ ಹಾಕುತ್ತೆ,” ಎಂದು ಓರಗಿತ್ತಿ ಕಿಸಕ್ಕನೆ ನಕ್ಕಳು.

ಆ ನಗುವಿಗೆ ಹಿರಿಯಳ ಮೈ ಉರಿದುಹೋಯಿತು. ಅಂದಿನಿಂದ ಹುಟ್ಟಿದ ಗಂಡಿಗೆಲ್ಲ ತನ್ನ ಮೊದಲ ರಾಜ ಮಣಿಕೇತುವಿನ ಹೆಸರನ್ನೇ ಇಟ್ಟಳು. ಹಾಳಾದವರು ಪಟ್ಟಕ್ಕೆ ಬರುವ ಮೊದಲೇ ಯುದ್ಧದಲ್ಲಿ ಸತ್ತರು. ಕಿರೀಟ ತೊಡದವನಿಗೆ ಆಟ ನಂಬರ್ ಕೊಡುವುದಿಲ್ಲ. ಉಳಿದ ಒಬ್ಬಳೇ ರಾಜಕುಮಾರಿಯನ್ನು, ಆ ನಂಬರಿನ ವೈಭವ ತನ್ನ ಅರಮನೆಗೂ ಬರಲೆಂದು, ಓರಗಿತ್ತಿಯ ರಾಜಕುಮಾರನಿಗೇ ಕೊಟ್ಟಳು. ಅವರ ಮಗನಿಗೂ ಮಣಿಕೇತು ಎಂದೇ ಹೆಸರಿಟ್ಟು, ತನ್ನ ರಾಜ್ಯದ ಪಟ್ಟ ಕಟ್ಟಿ, ಹೊಲಿಗೆ ಮಿಷನ್ ನಿಲ್ಲಿಸಿ ಮೊಬೈಲನ್ನೇ ನೋಡುತ್ತ ಕೂತಳು.

ಬಂತು, ಕೊನೆಗೂ ಬಂತು: ‘ಎರಡನೆಯ ಮಣಿಕೇತು.’ ಅದರ ಪಕ್ಕದಲ್ಲೇ, ಅಪ್ಪನ ಕಡೆಯಿಂದ: ‘ನವಿಲು ವಂಶ.’

ಅಡುಗೆಮನೆಯಲ್ಲಿ ತನ್ನ ಮೊಬೈಲ್ ನೋಡಿದ ಓರಗಿತ್ತಿ ಅಲ್ಲಿಂದಲೇ ಕೂಗಿದಳು, “ಅಕ್ಕಾ, ನಿಮ್ಮ ರಾಜ್ಯಾನೂ ನಮ್ಮನೆಗೇ ಬಂತಲ್ಲ!”