ಉಪ್ಪಿನಕಾಯಿ ಭರಣಿಯೊಳಗಿನ ಹವಳ

ಕಡಲ ಮಗ್ಗುಲಲ್ಲಿ ಹುಟ್ಟಿದವರು ಹವಳವನ್ನು ನೀರಿನಲ್ಲಿ ನೋಡುತ್ತಾರೆ. ಭಾಲ್ಕಿಯಲ್ಲಿ ಹುಟ್ಟಿದ ನಾನು ಅದನ್ನು ಮೊದಲು ನೋಡಿದ್ದು ನಿಂಬೆ ಉಪ್ಪಿನಕಾಯಿಯ ಭರಣಿಯಲ್ಲಿ.

ನಿಜಾಮರ ರಾಜ್ಯ ಮುಗಿದ ವರ್ಷ ಅದು. ಮೊದಲು ನಿಜಾಮರ ಕಡೆಯವರಿಗೆ ಹೆದರಿ ನಮ್ಮ ಮನೆಯವರೇ ಹಗಲಲ್ಲೂ ಬಾಗಿಲಿಗೆ ಒನಕೆ ಆನಿಸಿ ಕೂರುತ್ತಿದ್ದರು. ಪೊಲೀಸ್ ಆ್ಯಕ್ಷನ್ ಆಗಿ ಭಾರತದ ದಂಡು ಬಂದ ಮೇಲೆ ಹೆದರಿಕೆ ನಮ್ಮ ಮನೆ ಬಿಟ್ಟು ಪಕ್ಕದ ಮನೆಗೆ ಹೋಯಿತು. ಅದು ಮುಸಲ್ಮಾನರ ಮನೆ, ಅಲ್ಲಿದ್ದವಳನ್ನು ನಾವು ಮಕ್ಕಳು ಖಾಲಾ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದೆವು. ಅವಳೂ ಅವ್ವನೂ ಒಂದೇ ಕಟ್ಟೆಯ ಮೇಲೆ ಕುಳಿತು ಜೋಳ ಹಸನು ಮಾಡಿದವರು. ಒಂದು ಮಧ್ಯಾಹ್ನ ಅವಳು ಹಿತ್ತಲ ಬಾಗಿಲಿಗೆ ಬಂದು ಅವ್ವನೊಡನೆ ಪಿಸುಮಾತಾಡಿದಳು. ಕೊನೆಗೆ ತವರಿನ ಹವಳದ ಸರವನ್ನು ಅವ್ವನ ಕೈಗಿಟ್ಟು, ಗಂಡನ ಜೊತೆ ಔರಾದಿನ ದಾರಿ ಹಿಡಿದಳು. ಲೂಟಿಗೆ ಬಂದವರು ಜೋಳದ ಹಗೇವು ಅಗೆಯುತ್ತಾರೆ, ಒಲೆ ಕೆದಕುತ್ತಾರೆ, ಉಪ್ಪಿನಕಾಯಿಗೆ ಮಾತ್ರ ಕೈ ಹಾಕುವುದಿಲ್ಲ ಎಂಬುದು ಅವ್ವನ ಲೆಕ್ಕಾಚಾರ. ಸರ ಭರಣಿಯ ತಳ ಸೇರಿತು.

ಎಳೆ ಜೋಳದ ಸೀತನಿ ಸುಡುವ ಕಾಲಕ್ಕೆ ಖಾಲಾ ಒಬ್ಬಳೇ ಮರಳಿದಳು. ಗಂಡನನ್ನು ದಾರಿಯಲ್ಲಿ ಕೊಂದಿದ್ದರು. ಅವ್ವ ಸರ ತೆಗೆದು ತೊಳೆದರೆ ಕೆಂಪು ಹೋಗಿ ಸುಣ್ಣದ ಬಣ್ಣ ಬಂದಿತ್ತು, ಮಣಿಗಳ ಮೈಯೆಲ್ಲ ಹುಳುಕಾಗಿತ್ತು. ಖಾಲಾ ಅದನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಹೋದಳು. ತಿಂಗಳೊಪ್ಪತ್ತಿನಲ್ಲಿ ಬೀದರ್ ಸೇರಿದಳು. ಮತ್ತೆ ನಮ್ಮ ಹೊಸ್ತಿಲು ತುಳಿಯಲಿಲ್ಲ.

“ಬದಲಿ ಮಣಿ ಕೊಟ್ಟೇನಿ ಅಂತ ತಿಳಕೊಂಡಾಳ. ನನ್ನ ಕಳ್ಳಿ ಮಾಡ್ಯಾಳ,” ಎಂದು ಅವ್ವ ಪ್ರತಿ ಸಲ ಉಪ್ಪಿನಕಾಯಿ ಹಾಕುವಾಗ ತಪ್ಪದೆ ಅನ್ನುತ್ತಿದ್ದಳು.

ಬಾವಿಯಲ್ಲಿ ಈಜು ಕಲಿತ ನನಗೆ ಮುಂದೆ ಹವಳವೇ ಹೊಟ್ಟೆಪಾಡಾಯಿತು. ಲಕ್ಷದ್ವೀಪದ ಕಡಲಿನಲ್ಲಿ ಹವಳದ ದಿಬ್ಬಗಳ ಆರೋಗ್ಯ ನೋಡುವುದು ನನ್ನ ಕೆಲಸ. ನೀರಿನಡಿ ಟೇಪು ಹಾಸಿ, ಅದರ ಕೆಳಗೆ ಬಂದದ್ದು ಜೀವಂತವೋ, ಸತ್ತದ್ದೋ, ಬಿಳಿಚಿದ್ದೋ ಎಂದು ಗುರುತು ಹಾಕುವುದು. ನಿವೃತ್ತಿಗೆ ಮುಂಚಿನ ಒಂದು ಬೇಸಿಗೆ ಇಳಿದು ನೋಡಿದರೆ, ಹಿಂದಿನ ವರ್ಷ ಕಂದು, ಹಳದಿ, ನೀಲಿ ಇದ್ದ ದಿಬ್ಬ ಉದ್ದಕ್ಕೂ ಬೆಳ್ಳಗಿತ್ತು. ನೆನಪಾದದ್ದು ಆ ಭರಣಿ.

ನಾನೋ ಹಟಮಾರಿ. ಊರೂರಿನ ಹೊಗೆ ಕುಡಿದ ಸಮುದ್ರ ಹುಳಿಯತ್ತ ವಾಲಿ ಹವಳ ತಿನ್ನುತ್ತಿದೆ ಎಂದು ಪಟ್ಟು ಹಿಡಿದೆ. ಪರೀಕ್ಷೆಗೆಂದು ಬಾಟಲಿಗಳಲ್ಲಿ ತಂದ ನೀರು ನನ್ನ ಮಾತು ಕೇಳಲಿಲ್ಲ. ಹುಳಿ ನಿಧಾನದ ಕಾಯಿಲೆ, ಅದು ಇದ್ದೇ ಇದೆ. ಆದರೆ ಆ ಬೇಸಿಗೆಯ ಕೊಲೆ ಅದರದಲ್ಲ, ಬಿಸಿಯದು. ದಿಬ್ಬದ ಹವಳದ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿ ಬದುಕುತ್ತದೆ. ಬಣ್ಣ ಬಹುಪಾಲು ಅದರದೇ, ಹವಳದ ಅನ್ನವೂ ಬಹುಪಾಲು ಅದರದೇ. ನೀರು ಕಾದರೆ ಹವಳ ಆ ಪಾಚಿಯನ್ನು ಹೊರದಬ್ಬುತ್ತದೆ, ಆಮೇಲೆ ತಾನೂ ಹಸಿದು ಸಾಯುತ್ತದೆ. ತಪ್ಪು ಕಾರಣದ ಬೆನ್ನುಹತ್ತಿ ವಾರಗಟ್ಟಲೆ ಕಳೆದೆನಲ್ಲ ಎಂದು ನನ್ನ ಮೇಲೆ ನನಗೇ ರೇಗಿತು.

ಆ ಸಲ ಊರಿಗೆ ಬಂದಾಗ ಅವ್ವ ತಾನಾಗಿ ಕೇಳಿದಳು. “ಹವಳದ ಶಾಣ್ಯಾ ಆಗಿದ್ದಿ. ನಾ ಸಾಯೋದ್ರೊಳಗ ಒಮ್ಮಿ ಆ ಖಾಲಾಗ ತಿಳಿಸಿ ಹೇಳು, ನಾ ಮಣಿ ಬದಲಿ ಮಾಡಿಲ್ಲಂತ.”

ಇಬ್ಬರೂ ಬಸ್ಸು ಹತ್ತಿ ಬೀದರಿಗೆ ಹೋದೆವು. ಖಾಲಾ ಚೌಬಾರ ಗೋಪುರದ ಹಿಂದಿನ ಗಲ್ಲಿಯಲ್ಲಿದ್ದಳು. ಚಹಾ ಕೊಟ್ಟಳು. ಕೇಳಿದಾಗ ಸರವನ್ನೂ ತಂದುಕೊಟ್ಟಳು. ನಾನು ಅದರ ಒಂದು ತುದಿಯನ್ನು ಚಹಾದ ಬಸಿಯಲ್ಲಿಟ್ಟು ನಿಂಬೆರಸ ಹಿಂಡಿದೆ. ಮಣಿಯ ಸುತ್ತ ಸಣ್ಣ ನೊರೆ ಎದ್ದಿತು.

“ನೋಡ್ರಿ ಖಾಲಾ. ಹವಳ ಅಂದ್ರ ಸುಣ್ಣ ಇದ್ದಂಗ, ಹುಳಿ ತಾಗಿದ್ರ ಕರಗ್ತದ. ಗಾಜಿನ ಮಣಿ ಆಗಿದ್ರ ಭರಣಿಯೊಳಗ ಕೆಂಪಗ ಹಂಗೇ ಉಳೀತಿತ್ತು. ಕೆಟ್ಟದ ಅಂದ್ರ ಖರೆ ಹವಳ ಅಂತಾನೇ ಅರ್ಥ. ನಮ್ಮವ್ವ ಬದಲಿ ಮಾಡಿಲ್ರಿ.”

ಗೆದ್ದೆ ಅಂದುಕೊಂಡಿದ್ದೆ. ಖಾಲಾ ಬಸಿಯತ್ತ ನೋಡಲೇ ಇಲ್ಲ.

“ಅದು ನಂದೇ ಸರ ಅಂತ ನನಗ ಅವತ್ತೇ ಗೊತ್ತಿತ್ತು ಬೇಟಾ. ನಮ್ಮ ಅಮ್ಮಾ ಹಾಕಿದ ಗಂಟು ನನಗ ಗುರುತು ಸಿಗೂದಿಲ್ಲೇನು?” ಎಂದು ಅವ್ವನ ಕಡೆ ತಿರುಗಿದಳು. “ಅಕ್ಕಾ, ಅವತ್ತು ನಾ ಸರ ಇಡ್ಲಾಕ ಬಂದಿರಲಿಲ್ಲ. ನಮ್ಮಿಬ್ಬರನ್ನೂ ಒಂದೆರಡು ದಿನ ಒಳಗ ಇಟ್ಕೋರಿ ಅಂತ ಕೇಳ್ಲಾಕ ಬಂದಿದ್ದೆ. ನೀವು ಸರ ಇಟ್ಕೊಂಡ್ರಿ.”

ಅವ್ವ ಇಲ್ಲ ಅನ್ನಲಿಲ್ಲ. ನಾನು ಸರವನ್ನು ಬಸಿಯಿಂದ ತೆಗೆದು ಅಂಗಿಯ ತುದಿಯಿಂದ ಒರೆಸುತ್ತಾ ಕುಳಿತೆ.

ಭಾಲ್ಕಿಯ ಬಸ್ಸಿನಲ್ಲಿ ಅವ್ವ ಕಿಟಕಿಯ ಹೊರಗೆ ನೋಡುತ್ತಿದ್ದಳು. ಊರು ಹತ್ತಿರ ಬಂದಾಗ ಒಂದೇ ಮಾತು ಅಂದಳು.

“ಆಕಿ ನನ್ನ ಕಳ್ಳಿ ಅಂದಿದ್ರ ಚಲೋ ಇತ್ತು.”