ಅಚ್ಚಿನಲ್ಲಿ ಸಿಕ್ಕಿಕೊಂಡ ತೋಟಾ

ಜಪಾನಿನ ಒಕಾಜಾಕಿಯಲ್ಲಿ ಪಕ್ಕದ ಮನೆಯ ಮೋರಿ-ಸಾನ್ ಒಂದು ಭಾನುವಾರ "ಸುಮಿಮಾಸೆನ್, ಕ್ಷಮಿಸಿ, ಸ್ವಲ್ಪ ಬನ್ನಿ" ಅಂತ ಗ್ಯಾರೇಜಿಗೆ ಕರೆದರು. ಮೇಜಿನ ತುಂಬ ರೈಫಲ್ಲಿನ ಖಾಲಿ ತೋಟಾಗಳು! ನನ್ನ ವೀಸಾದ ಗತಿ?

ಅವರು ಜಿಂಕೆ ಬೇಟೆಯವರಂತೆ. ಹಾರಿಸಿದ ತೋಟಾ ಹಿಗ್ಗಿರುತ್ತದಂತೆ. ಮತ್ತೆ ಮದ್ದು ತುಂಬಿಸೋಕೆ ಅಚ್ಚಿಗೆ ಒತ್ತಿ ಹಳೇ ಅಳತೆಗೆ ತರುವಾಗ ಒಂದು ಸಿಕ್ಕಿಕೊಂಡಿತ್ತು.

"ಎಣ್ಣೆ ಸವರಿದ್ರಾ?" ಸುಮ್ಮನೆ ಕೇಳಿದೆ.

ತಲೆ ಕೆರೆದುಕೊಂಡರು. ಮರೆತಿದ್ದರು.

ನಾನು ಏನನ್ನೂ ಮುಟ್ಟದೆ, ಕೈ ಕಟ್ಟಿಕೊಂಡೇ ಕೇಳಿದೆ: "ಇದಕ್ಕೆಲ್ಲ ಲೈಸೆನ್ಸ್ ಇದೆಯಾ?"

ತೆಗೆದು ತೋರಿಸಿದರು. ಆಮೇಲೆ ದನಿ ತಗ್ಗಿಸಿ, "ದಿನಾ ಬೆಳಿಗ್ಗೆ ನಿಮ್ಮ ಅಡುಗೆಮನೇಲಿ ಏನೋ ಬುಸ್ಸಂತ ಸೀಟಿ ಹೊಡೆಯುತ್ತಲ್ಲ, ಅದಕ್ಕೆ ಇದೆಯಾ?" ಅಂದರು.

ಕುಕ್ಕರಿಗೆ ಲೈಸೆನ್ಸ್ ಎಲ್ಲಿಂದ ತರಲಿ? ಅದರಲ್ಲಿ ಬೇಯೋದು ಬೇಳೆ ಅಷ್ಟೇ ಅನ್ನೋದಕ್ಕೆ ಸಾಕ್ಷಿಯಾಗಿ ಮಾರನೇ ದಿನ ಒಂದು ಡಬ್ಬಿ ಸಾರು ಕೊಟ್ಟೆ. ಅವರು ಅರಿಗಾತೋ ಅಂತ ಥ್ಯಾಂಕ್ಸ್ ಹೇಳುವ ಮುಂಚೆ ಮುಚ್ಚಳ ತೆಗೆದು ಮೂಸಿ ನೋಡಿದರು.